ಮರಗೆಲಸದ ಬೆಂಚಿಗೆ ಯಾವ ವೈಸ್? 9 ಇಂಚಿನ ಕ್ವಿಕ್ ರಿಲೀಸ್ ಬಗ್ಗೆ ನನ್ನ ಅಭಿಪ್ರಾಯ

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಹತ್ತರಿ (ಮರ ಹೆರೆದು ನಯ ಮಾಡುವ ಉಪಕರಣ), ಉಳಿ, ಗರಗಸ ಹಿಡಿದು ಮರಗೆಲಸ ಮಾಡುವವರು ಒಂದೇ ಒಂದು ವೈಸ್ (ಹಲಗೆಯನ್ನು ಎರಡು ದವಡೆಗಳ ನಡುವೆ ಬಿಗಿದು ಹಿಡಿಯುವ ಸಾಧನ) ಕೊಳ್ಳುವುದಾದರೆ 9 ಇಂಚು ಅಗಲದ ದವಡೆಯ ಬೀಡು ಕಬ್ಬಿಣದ ಕ್ವಿಕ್ ರಿಲೀಸ್ ವೈಸ್ ತೆಗೆದುಕೊಳ್ಳಿ. ಎರಡನೆಯ ವೈಸ್ ಸದ್ಯಕ್ಕೆ ಬೇಡ. ಯಾವ ಕಂಪನಿಯದು ಒಳ್ಳೆಯದು ಅಂತ ತಲೆ ಕೆಡಿಸಿಕೊಳ್ಳುವ ಹೊತ್ತಿನಲ್ಲಿ ಅರ್ಧವನ್ನು ಅದನ್ನು ಬೆಂಚಿಗೆ ಸರಿಯಾಗಿ ಕೂರಿಸುವುದಕ್ಕೆ ಕೊಡಿ. ಕೆಟ್ಟದಾಗಿ ಕೂರಿಸಿದ ದುಬಾರಿ ವೈಸಿಗಿಂತ ಚೆನ್ನಾಗಿ ಕೂರಿಸಿದ ಸಾಧಾರಣ ವೈಸ್ ಎಷ್ಟೋ ಮೇಲು. ಇದನ್ನು ನಾನು ಬಳಸಿ ನೋಡಿಯೇ ಹೇಳುತ್ತಿದ್ದೇನೆ.

ವೈಸ್ ಯಾಕೆ ಬೇಕು ಅನ್ನುವುದನ್ನು ಸ್ವಲ್ಪ ಯೋಚಿಸಿದರೆ ಯಾವುದು ಬೇಕು ಅನ್ನುವುದು ತಾನಾಗಿಯೇ ತಿಳಿಯುತ್ತದೆ. ನಮ್ಮ ಆಚಾರಿಗಳು ನೆಲದ ಮೇಲೆ ಕೂತು, ಹಲಗೆಯನ್ನು ಕಾಲಿನಲ್ಲೇ ಒತ್ತಿ ಹಿಡಿದು, ಬಾಗಿಲು ಕಿಟಕಿ ಎಲ್ಲ ಮಾಡಿಕೊಟ್ಟವರು. ವೈಸ್ ಇಲ್ಲದೆಯೇ ಅಷ್ಟು ಚೊಕ್ಕ ಕೆಲಸ. ಆದರೆ ಆ ಕೂರುವ ಅಭ್ಯಾಸ ಚಿಕ್ಕಂದಿನಿಂದ ಬರಬೇಕು. ನಡುವಯಸ್ಸಿನಲ್ಲಿ ಈ ಹವ್ಯಾಸ ಹಿಡಿದವರಿಗೆ ಮೊಣಕಾಲು ಒಪ್ಪುವುದಿಲ್ಲ. ನಿಂತು ಕೆಲಸ ಮಾಡುವವರಿಗೆ ಬೆಂಚು ಬೇಕು, ಬೆಂಚಿಗೊಂದು ಹಿಡಿತ ಬೇಕು. ಹಲಗೆಯನ್ನು ಮೂರು ಥರ ಹಿಡಿಯಬೇಕಾಗುತ್ತದೆ: ಅಂಚಿಗೆ ಹತ್ತರಿ ಹೊಡೆಯುವಾಗ ಒಂದು ಥರ, ತುದಿಯಲ್ಲಿ ಜೋಡಣೆ ಕತ್ತರಿಸುವಾಗ ನೆಟ್ಟಗೆ ನಿಲ್ಲಿಸಿ ಇನ್ನೊಂದು ಥರ, ಅಗಲದ ಮುಖವನ್ನು ನಯ ಮಾಡುವಾಗ ಬೆಂಚಿನ ಮೇಲೆ ಮಲಗಿಸಿ ಮತ್ತೊಂದು ಥರ. ಮೊದಲನೆಯದಕ್ಕೆ ಈ ಕಬ್ಬಿಣದ ವೈಸ್ ತುಂಬಾ ಚೆನ್ನ. ಎರಡನೆಯದಕ್ಕೆ ಪರವಾಗಿಲ್ಲ. ಮೂರನೆಯದಕ್ಕೆ ವೈಸೇ ಬೇಡ, ಬೆಂಚಿನಲ್ಲಿ ತೂತು ಬೇಕು. ಅದನ್ನು ಆಮೇಲೆ ಹೇಳುತ್ತೇನೆ.

ಅಂಗಡಿಯಲ್ಲಿ ಸುಮ್ನೆ "ವೈಸ್ ಕೊಡಿ" ಅಂದರೆ ಕೈಗೆ ಬರುವುದು ಫಿಟ್ಟರ್ ವೈಸ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೇಳಿದಾಗ ಅಂಗಡಿಯವರು ತಾವಾಗಿಯೇ "ಫಿಟ್ಟರ್ ವೈಸಾ ಸಾರ್, ಕಾರ್ಪೆಂಟರ್ ವೈಸಾ?" ಅಂತ ಕೇಳಿದರು, ಒಳ್ಳೆಯದಾಯಿತು. ಫಿಟ್ಟರ್ ವೈಸ್ ಬೆಂಚಿನ ಮೇಲೆ ಎದ್ದು ಕೂರುತ್ತದೆ, ಅದರ ದವಡೆಯಲ್ಲಿ ಗೀರುಗೀರು ಹಲ್ಲಿರುತ್ತದೆ, ಕಬ್ಬಿಣ ಹಿಡಿಯಲು ಅದೇ ಬೇಕು. ಮರ ಹಿಡಿದರೆ ಆ ಹಲ್ಲಿನ ಗುರುತು ಹಾಗೇ ಮೂಡುತ್ತದೆ. ಮರದ ಪಟ್ಟಿ ಹಾಕಿ ಸಂಭಾಳಿಸಬಹುದು ನಿಜ, ಆದರೆ ಎರಡೂವರೆ ಅಡಿ ಉದ್ದದ ಹಲಗೆಯ ಅಂಚಿಗೆ ಹತ್ತರಿ ಹೊಡೆಯುವಾಗ ಹಲಗೆಗೆ ಬೆಂಚಿನ ಆಸರೆ ಬೇಕು. ಬೆಂಚಿನಿಂದ ಮೇಲೆ, ಗಾಳಿಯಲ್ಲಿ ಹಿಡಿದರೆ ಹಲಗೆ ನಡುಗುತ್ತದೆ. ಕಾರ್ಪೆಂಟರ್ ವೈಸ್ ಬೆಂಚಿನ ಹಲಗೆಯ ಕೆಳಗೆ ನೇತುಬಿದ್ದು, ದವಡೆಯನ್ನು ಮಾತ್ರ ಬೆಂಚಿನ ಅಂಚಿಗೆ ತರುತ್ತದೆ. ಕೊಳ್ಳಬೇಕಾದ್ದು ಅದು.

ಇದರಲ್ಲೂ ಎರಡು ಬಗೆ. ಒಂದರಲ್ಲಿ ಬರೀ ಸ್ಕ್ರೂ, ತಿರುಗಿಸುತ್ತಲೇ ಇರಬೇಕು. ಥ್ರೆಡ್ಡಿನ ಅಂತರ 6 ಮಿ.ಮೀ. ಇದ್ದರೆ ದವಡೆಯನ್ನು 15 ಸೆಂ.ಮೀ. ಸರಿಸಲು 25 ಸುತ್ತು ಬೇಕು. ಕೆಲಸ ಮಾಡುವಾಗ ಎರಡು ನಿಮಿಷಕ್ಕೊಮ್ಮೆ ಹಲಗೆ ತೆಗೆದು ಮೂಲೆಮಟ್ಟ ಇಟ್ಟು ನೋಡಿ ಮತ್ತೆ ಹಾಕುತ್ತಿರುತ್ತೇವೆ, ಅಲ್ವಾ? ತಿರುಗಿಸುವುದರಲ್ಲೇ ತೋಳು ಸೋತು ಹೋಗುತ್ತದೆ. ಇನ್ನೊಂದು ಕ್ವಿಕ್ ರಿಲೀಸ್. ಇದರಲ್ಲಿ ನಟ್ ಪೂರ್ತಿ ಇರುವುದಿಲ್ಲ, ಅರ್ಧ ನಟ್ ಮಾತ್ರ. ಸ್ಪ್ರಿಂಗು ಅದನ್ನು ಸ್ಕ್ರೂಗೆ ಒತ್ತಿ ಹಿಡಿದಿರುತ್ತದೆ. ಹಿಡಿಯ ಪಕ್ಕದ ಲಿವರ್ ಎಳೆದರೆ ಅರ್ಧ ನಟ್ ಸ್ಕ್ರೂನಿಂದ ಬಿಡುತ್ತದೆ, ಇಡೀ ಮುಂದವಡೆಯನ್ನು ಡ್ರಾಯರ್ ಎಳೆದಂತೆ ಎಳೆಯಬಹುದು. ಹಲಗೆ ಇಟ್ಟು, ದವಡೆಯನ್ನು ತಳ್ಳಿ, ಲಿವರ್ ಬಿಟ್ಟು, ಅರ್ಧ ಸುತ್ತು ತಿರುಗಿಸಿದರೆ ಮುಗಿಯಿತು. ಥ್ರೆಡ್ ಕೂಡ ಇದಕ್ಕೆಂದೇ ಮಾಡಿದ್ದು: ಒಂದು ಮಗ್ಗುಲು ನೆಟ್ಟಗೆ, ಇನ್ನೊಂದು ಮಗ್ಗುಲು ಇಳಿಜಾರು. ಬಟ್ರೆಸ್ ಥ್ರೆಡ್ ಅನ್ನುತ್ತಾರೆ. ಬಿಗಿಯುವಾಗ ನೆಟ್ಟಗಿನ ಮಗ್ಗುಲು ಭಾರ ಹೊರುತ್ತದೆ, ಹಾಗಾಗಿ ಅರ್ಧ ನಟ್ ಆದರೂ ಜಾರುವುದಿಲ್ಲ.

ಈ ಮಾದರಿಗೆ ಹೆಸರು ತಂದದ್ದು ಇಂಗ್ಲೆಂಡಿನ ಶೆಫೀಲ್ಡಿನ ರೆಕಾರ್ಡ್ ಅನ್ನುವ ಕಂಪನಿ. ಅವರ 52½ ಅನ್ನುವ ನಂಬರಿನ ವೈಸಿಗೆ 9 ಇಂಚಿನ ದವಡೆ, 13 ಇಂಚು ತೆರೆಯುತ್ತಿತ್ತು. 53 ನಂಬರಿನದಕ್ಕೆ 10½ ಇಂಚಿನ ದವಡೆ, 15 ಇಂಚು ತೆರೆಯುತ್ತಿತ್ತು. ಇವತ್ತು ನಮ್ಮ ದೇಶದಲ್ಲಿ, ಚೀನಾದಲ್ಲಿ, ತೈವಾನಿನಲ್ಲಿ ಮಾಡುವ ಬಹುಪಾಲು ಕಾರ್ಪೆಂಟರ್ ವೈಸ್‌ಗಳು ಆ ಹಳೆಯ ವಿನ್ಯಾಸದ ಮರಿಗಳೇ. ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ ಹಳೆಯ ರೆಕಾರ್ಡ್ ಸೆಕೆಂಡ್ ಹ್ಯಾಂಡಿನಲ್ಲಿ ಸಿಗುತ್ತದೆ. ತುಕ್ಕು ಹಿಡಿದಿದ್ದರೂ ದವಡೆ ಬಿರುಕು ಬಿಟ್ಟಿಲ್ಲ, ಗೈಡ್ ರಾಡ್ (ಸ್ಕ್ರೂನ ಎರಡು ಪಕ್ಕ ದವಡೆಯ ಜೊತೆ ಓಡಾಡುವ ಸರಳು) ಬಗ್ಗಿಲ್ಲ ಅಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು. ಊರಿಗೆ ಬರುವಾಗ ತಂದುಕೊಡಿ ಅಂತ ಕೇಳುವ ಮೊದಲು ತೂಕ ನೆನಪಿಟ್ಟುಕೊಳ್ಳಿ. 9 ಇಂಚಿನದೇ ಹತ್ತಿರ ಹತ್ತಿರ 15 ಕೆ.ಜಿ. ಮುಟ್ಟುತ್ತದೆ. ಪಾಪ, ಅವರ ಒಂದು ಬ್ಯಾಗು ಅದಕ್ಕೇ ಹೋಗುತ್ತದೆ.

ನನ್ನ ಬೆಂಚಿನಲ್ಲಿರುವುದು ನಮ್ಮಲ್ಲೇ ಎರಕ ಹೊಯ್ದ, ಇದೇ ಮಾದರಿಯ 9 ಇಂಚಿನದು. ಕಂಪನಿ ಹೆಸರು ಬರೆಯುತ್ತಿಲ್ಲ, ಯಾಕೆಂದರೆ ನಾನು ಹೇಳುವ ಒಳ್ಳೆಯದೂ ಕೆಟ್ಟದ್ದೂ ಈ ಬೆಲೆಯ ಯಾವ ವೈಸಿನಲ್ಲೂ ಕಾಣಬಹುದು. 7 ಇಂಚಿನದು ಯಾಕೆ ಬೇಡ? ಅದು ತೆರೆಯುವುದು ಸುಮಾರು 8 ಇಂಚು, ಎರಡು ಕಡೆ ಮರದ ಪಟ್ಟಿ ಹಾಕಿದರೆ ಒಂದೂವರೆ ಇಂಚು ಅದರಲ್ಲೇ ಹೋಯಿತು. ದವಡೆಯ ಅಗಲ ಕಮ್ಮಿ ಇದ್ದಷ್ಟು ಹಲಗೆ ಸುಲಭವಾಗಿ ವಾಲುತ್ತದೆ. 10 ಇಂಚಿನದು ತೂಕ ಜಾಸ್ತಿ, ಬೆಂಚಿನ ಕೆಳಗೆ ಜಾಗ ಜಾಸ್ತಿ ಬೇಡುತ್ತದೆ, ಆದರೆ ಮನೆಯ ಕೆಲಸದಲ್ಲಿ ಆ ಹೆಚ್ಚಿನ ಒಂದು ಇಂಚಿನಿಂದ ಅಷ್ಟೇನೂ ಸಿಗುವುದಿಲ್ಲ.

ಅಂಗಡಿಯಲ್ಲೇ ನೋಡಬೇಕಾದ ಕೆಲವು ಇವೆ, ಆನ್‌ಲೈನಿನಲ್ಲಿ ತರಿಸಿದರೆ ಪೆಟ್ಟಿಗೆ ಬಿಚ್ಚಿದ ಕೂಡಲೇ ನೋಡಿ. ದವಡೆಯನ್ನು ಪೂರ್ತಿ ಹೊರಗೆಳೆದು ಎಡಕ್ಕೆ ಬಲಕ್ಕೆ ಅಲುಗಾಡಿಸಿ. ಸ್ವಲ್ಪ ಆಟ ಇದ್ದೇ ಇರುತ್ತದೆ. ಆದರೆ ಅರ್ಧ ತೆರೆದಾಗಲೂ ಲಟಲಟ ಅಂದರೆ ಬೇರೆ ಪೀಸ್ ಕೇಳಿ. ಲಿವರ್ ಎಳೆದಾಗ ನಟ್ ಪೂರ್ತಿ ಬಿಡಬೇಕು, ದವಡೆ ಎಲ್ಲಿಯೂ ಕರಕರ ಅನ್ನದೆ ಜಾರಬೇಕು. ಬಿಟ್ಟಾಗ ಟಕ್ ಅಂತ ಕಚ್ಚಬೇಕು. ದವಡೆಯ ಮುಖಕ್ಕೆ ಸ್ಟೀಲ್ ಸ್ಕೇಲ್ ಇಟ್ಟು ಬೆಳಕಿಗೆ ಹಿಡಿದರೆ ಉಬ್ಬು ತಗ್ಗು ಕಾಣುತ್ತದೆ. ಬಣ್ಣದ ಕೆಳಗೆ ಪುಟ್ಟಿ ಮೆತ್ತಿದ ಜಾಗ ಇದೆಯೇ ಅಂತ ಉಗುರಿನಲ್ಲಿ ಕೆರೆದು ನೋಡಿ, ಎರಕದಲ್ಲಿ ಗಾಳಿಗುಳ್ಳೆ ಬಿದ್ದ ಕಡೆ ಹಾಗೆ ಮುಚ್ಚುವುದುಂಟು. ಬೆಂಚಿಗೆ ಬೋಲ್ಟ್ ಹಾಕುವ ಕಿವಿಗಳ ಹತ್ತಿರ ಅಂಥದ್ದು ಕಂಡರೆ ತರಲೇಬೇಡಿ. ಎರಡೂ ದವಡೆಯಲ್ಲಿ ಮರದ ಪಟ್ಟಿ ಬಿಗಿಯಲು ತೂತು ಇರಬೇಕು. ಕೆಲವದರಲ್ಲಿ ಮುಂದವಡೆಯಲ್ಲಿ ಮೇಲೆ ಕೆಳಗೆ ಜಾರುವ ಒಂದು ಕಬ್ಬಿಣದ ಡಾಗ್, ಅಂದರೆ ಹಲಗೆಯನ್ನು ತಡೆದು ಹಿಡಿಯುವ ಗೂಟ, ಇರುತ್ತದೆ. ಇದ್ದರೆ ಬಿಡಬೇಡಿ, ಮುಂದೆ ಕೆಲಸಕ್ಕೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ದವಡೆ ವಾಲುವ ವಿಷಯ. ಸ್ಕ್ರೂ ಇರುವುದು ಕೆಳಗೆ, ಹಲಗೆ ಹಿಡಿಯುವುದು ಮೇಲೆ. ಬಿಗಿದಷ್ಟೂ ಮುಂದವಡೆಯ ತಲೆ ಹೊರಕ್ಕೆ ವಾಲಿ ಮೇಲಿನ ಬಾಯಿ ತೆರೆದುಕೊಳ್ಳಲು ನೋಡುತ್ತದೆ. ಅದಕ್ಕೇ ಒಳ್ಳೆಯ ವೈಸಿನಲ್ಲಿ ದವಡೆಯನ್ನು ಮೊದಲೇ ಒಂದಿಷ್ಟು ಒಳಮುಖವಾಗಿ ಬಾಗಿಸಿರುತ್ತಾರೆ. ಮೇಲಿನ ಅಂಚು ಮೊದಲು ತಾಗಬೇಕು, ಬಿಗಿದ ಮೇಲೆ ಪೂರ್ತಿ ಮುಖ ಕೂರಬೇಕು. ಪರೀಕ್ಷೆ ಸುಲಭ. ಎರಡು ಕಾಗದದ ಚೂರನ್ನು ಮೇಲೊಂದು ಕೆಳಗೊಂದು ಇಟ್ಟು ಮೆಲ್ಲಗೆ ಮುಚ್ಚಿ. ಮೇಲಿನದು ಸಿಕ್ಕಿಕೊಳ್ಳಬೇಕು, ಕೆಳಗಿನದು ಸಲೀಸಾಗಿ ಹೊರಗೆ ಬರಬೇಕು. ನನ್ನದರಲ್ಲಿ ಉಲ್ಟಾ ಇತ್ತು, ಕೆಳಗಿನದೇ ಸಿಕ್ಕಿಕೊಂಡಿತು. ಇದಕ್ಕೆ ವಾಪಸ್ ಕೊಡುವ ಗೋಜು ಬೇಕಿಲ್ಲ. ಮುಂದವಡೆಗೂ ಅದರ ಮರದ ಪಟ್ಟಿಗೂ ನಡುವೆ, ಮೇಲಂಚಿನ ಉದ್ದಕ್ಕೂ ಮದುವೆ ಕಾರ್ಡಿನ ದಪ್ಪದ ಒಂದು ಪಟ್ಟಿ ಇಟ್ಟು ಸ್ಕ್ರೂ ಬಿಗಿದೆ. ಸಾಲದು ಅನಿಸಿ ಇನ್ನೊಂದು ಸೇರಿಸಿದೆ. ಈಗ ತೆಳ್ಳನೆಯ ಹಲಗೆಯೂ ಅಲುಗುವುದಿಲ್ಲ. ಇಷ್ಟು ಚಿಕ್ಕ ಕೆಲಸವನ್ನು ಕಾರ್ಖಾನೆಯಲ್ಲೇ ಮಾಡಿ ಕಳಿಸಬಹುದಿತ್ತು ಅನ್ನುವುದು ನನ್ನ ದೂರು.

ಇನ್ನು ಕೂರಿಸುವ ವಿಷಯ. ಜಾಗ ಮೊದಲು. ಬಲಗೈಯವರಿಗೆ ಬೆಂಚಿನ ಎಡಗಡೆಯ ಮುಂದಿನ ಮೂಲೆ, ಎಡಗೈಯವರಿಗೆ ಬಲಗಡೆ. ಬಲಗೈಯವರು ಹತ್ತರಿಯನ್ನು ಬಲದಿಂದ ಎಡಕ್ಕೆ ತಳ್ಳುತ್ತಾರೆ, ಹಲಗೆಯ ಮುಂದಿನ ತುದಿ ವೈಸಿನಲ್ಲಿದ್ದರೆ ತಳ್ಳಿದ ಬಲವೆಲ್ಲ ಅಲ್ಲಿ ನಿಲ್ಲುತ್ತದೆ, ಹಿಂದಿನ ಉದ್ದವೆಲ್ಲ ಬೆಂಚಿನ ಅಂಚಿಗೆ ಒರಗಿರುತ್ತದೆ. ಬೆಂಚಿನ ಕಾಲಿಗೆ ಎಷ್ಟು ಹತ್ತಿರ ಆದರೆ ಅಷ್ಟು ಒಳ್ಳೆಯದು, ಉಳಿ ಹೊಡೆಯುವಾಗ ಪೆಟ್ಟು ನೇರವಾಗಿ ನೆಲಕ್ಕೆ ಇಳಿಯುತ್ತದೆ. ಆದರೆ ಗೈಡ್ ರಾಡು ಹಿಂದೆ ಮುಂದೆ ಓಡಾಡಲು ಜಾಗ ಬೇಕು, ಕಾಲಿಗೋ ಅಡ್ಡಪಟ್ಟಿಗೋ ಬಡಿಯಬಾರದು. ಬೆಂಚು ಮಾಡುವ ಮೊದಲೇ ವೈಸ್ ತಂದಿಟ್ಟುಕೊಂಡರೆ ಈ ತೊಂದರೆ ಬರುವುದೇ ಇಲ್ಲ.

ಎತ್ತರ ಆಮೇಲಿನ ಮಾತು. ಕಬ್ಬಿಣದ ದವಡೆಯ ತಲೆ ಬೆಂಚಿನ ಮೇಲ್ಮೈಗಿಂತ 12 ಮಿ.ಮೀ. ಆದರೂ ಕೆಳಗಿರಬೇಕು. ಹತ್ತರಿಯ ಅಲಗು ಒಂದೇ ಒಂದು ಸಲ ಕಬ್ಬಿಣಕ್ಕೆ ತಾಗಿದರೂ ಮತ್ತೆ ಸಾಣೆ ಹಿಡಿಯುತ್ತಾ ಕೂರಬೇಕು. ಹಾಗಾಗಿ ವೈಸಿಗೂ ಬೆಂಚಿನ ತಳಕ್ಕೂ ನಡುವೆ ಒಂದು ಮರದ ತುಂಡು ಬೇಕಾಗುತ್ತದೆ. ಅದರ ದಪ್ಪದ ಲೆಕ್ಕ ಹೀಗೆ: ವೈಸಿನ ಕಿವಿಯ ಮೇಲ್ಮೈಯಿಂದ ದವಡೆಯ ತಲೆಯವರೆಗಿನ ಎತ್ತರಕ್ಕೆ 12 ಸೇರಿಸಿ, ಬೆಂಚಿನ ಹಲಗೆಯ ದಪ್ಪ ಕಳೆಯಿರಿ. ಆ ಎತ್ತರ 80 ಮಿ.ಮೀ., ಬೆಂಚು 18ರ ಪ್ಲೈವುಡ್ ಮೂರು ಪದರ ಅಂಟಿಸಿ ಮಾಡಿದ್ದು, ಅಂದರೆ 54 ಮಿ.ಮೀ. ಅಂತಿಟ್ಟುಕೊಳ್ಳಿ. 38 ಮಿ.ಮೀ. ದಪ್ಪದ ತುಂಡು ಬೇಕು. ಇದನ್ನು ಗಟ್ಟಿ ಮರದಲ್ಲೇ ಮಾಡಿ, ಪ್ಯಾಕಿಂಗ್ ಪೆಟ್ಟಿಗೆಯ ಮರ ಹಾಕಿದರೆ ಬೋಲ್ಟ್ ಬಿಗಿದಂತೆಲ್ಲ ಕುಗ್ಗುತ್ತಾ ಹೋಗುತ್ತದೆ.

ಹಿಂದವಡೆ ಬೆಂಚಿನ ಅಂಚಿನಿಂದ ಹೊರಗೆ ಚಾಚಿಕೊಂಡಿರಬಾರದು. ಎಷ್ಟೋ ಬೆಂಚುಗಳಲ್ಲಿ ದವಡೆಯನ್ನು ಅಂಚಿನ ಮುಂದೆ ಹಾಗೇ ತೂಗುಹಾಕಿರುವುದನ್ನು ನೋಡುತ್ತೇನೆ, ನೋಡಿದಾಗಲೆಲ್ಲ ಬೇಜಾರಾಗುತ್ತದೆ. ದವಡೆ ಎರಡು ಇಂಚು ಮುಂದಿದ್ದರೆ ಉದ್ದದ ಹಲಗೆಗೆ ಸಿಗುವ ಆಸರೆ ಆ 9 ಇಂಚು ಮಾತ್ರ, ಉಳಿದದ್ದೆಲ್ಲ ಗಾಳಿಯಲ್ಲಿ. ಬೆಂಚಿನ ಅಂಚಿನಲ್ಲಿ ದವಡೆಯ ಅಳತೆಗೆ ಒಂದು ಕಚ್ಚು ಕೊರೆದು, ದವಡೆಯನ್ನು ಅದರೊಳಗೆ ಕೂರಿಸಿ, ಮೇಲೆ ಮರದ ಪಟ್ಟಿ ಹಾಕಿ, ಆ ಪಟ್ಟಿಯ ಮುಖ ಬೆಂಚಿನ ಅಂಚಿಗೆ ಒಂದೇ ಸಮ ಬರುವಂತೆ ಹತ್ತರಿ ಹೊಡೆಯಬೇಕು. ಆಗ ಐದಡಿ ಬೆಂಚಿನ ಇಡೀ ಅಂಚೇ ಹಿಂದವಡೆಯಾಗುತ್ತದೆ. ಉದ್ದದ ಹಲಗೆಯ ಇನ್ನೊಂದು ತುದಿಯನ್ನು ಬೆಂಚಿನ ಕಾಲಿಗೆ ಕೊರೆದ ತೂತಿನಲ್ಲಿ ಒಂದು ಗೂಟ ಸಿಕ್ಕಿಸಿ ಅದರ ಮೇಲೆ ಕೂರಿಸಿದರೆ ಬಾಗಿಲ ಪಟ್ಟಿಯ ಉದ್ದದ್ದನ್ನೂ ಒಬ್ಬರೇ ಹಿಡಿದು ಕೆಲಸ ಮಾಡಬಹುದು.

ಬಿಗಿಯಲು ಕೋಚ್ ಸ್ಕ್ರೂ (ನಟ್ ಇಲ್ಲದೆ ಮರಕ್ಕೇ ತಿರುಗಿಸುವ ದಪ್ಪ ಸ್ಕ್ರೂ) ಸಾಕು ಅನ್ನುತ್ತಾರೆ. ತೇಗ, ಹೊನ್ನೆಯಂಥ ಮರಕ್ಕೆ ಸಾಕು. ಪ್ಲೈವುಡ್ಡಿಗೆ ನನಗೆ ನಂಬಿಕೆ ಇಲ್ಲ. 10 ಮಿ.ಮೀ. ಬೋಲ್ಟನ್ನು ಬೆಂಚಿನ ಮೇಲಿಂದ ಕೆಳಕ್ಕೆ ಇಳಿಸಿ, ತಲೆ ಮೇಲ್ಮೈಗಿಂತ ಒಳಗೆ ಹೋಗುವಂತೆ ಕೊರೆದು, ಕೆಳಗಡೆ ಅಗಲದ ವಾಷರ್, ಸ್ಪ್ರಿಂಗ್ ವಾಷರ್, ನಟ್ ಹಾಕಿ. ಮೇಲಿನ ತೂತಿಗೆ ಮರದ ಬಿರಡೆ ಅಂಟಿಸಿದರೆ ಕಾಣುವುದೂ ಇಲ್ಲ. ವೈಸಿನ ಜೊತೆ ಪೊಟ್ಟಣದಲ್ಲಿ ಬರುವ ಬೋಲ್ಟ್‌ಗಳನ್ನು ಬಳಸಲೇಬೇಕು ಅಂತೇನಿಲ್ಲ, ಒಳ್ಳೆಯ ಹೈ ಟೆನ್ಸೈಲ್ ಬೋಲ್ಟ್ ತಂದರೆ ಆಗುವ ಖರ್ಚು ಅಷ್ಟರಲ್ಲೇ ಇದೆ. ಮತ್ತೆ, 15 ಕೆ.ಜಿ. ಕಬ್ಬಿಣವನ್ನು ಬೆಂಚಿನ ಕೆಳಗೆ ಮಲಗಿ ಎದೆಯ ಮೇಲೆ ಎತ್ತಿ ಹಿಡಿಯುವ ಸಾಹಸ ಯಾರೂ ಮಾಡಬೇಡಿ. ಬೆಂಚನ್ನು ತಲೆಕೆಳಗು ಮಾಡಿ ಕೂರಿಸಿ. ಆಗದಿದ್ದರೆ ಕಾರಿನ ಜಾಕ್ ಇಟ್ಟು ಕೆಳಗಿನಿಂದ ಏರಿಸಿ.

ದವಡೆಯ ಪಟ್ಟಿಗೆ ಯಾವ ಮರ? ತುಂಬಾ ಗಟ್ಟಿಯದು ಬೇಡ. ಹಿಡಿಯುವ ಹಲಗೆಗಿಂತ ಪಟ್ಟಿ ಮೆತ್ತಗಿದ್ದರೆ ಗುರುತು ಪಟ್ಟಿಗೆ ಬೀಳುತ್ತದೆ, ಹಲಗೆಗಲ್ಲ. ಸಿಲ್ವರ್ ಓಕ್, ಹಲಸು, ತೇಗದ ಚೂರು, ಯಾವುದಾದರೂ ಸರಿ. 18ರಿಂದ 20 ಮಿ.ಮೀ. ದಪ್ಪ, ಉದ್ದ ದವಡೆಗಿಂತ ಎರಡೂ ಕಡೆ ಒಂದೊಂದು ಇಂಚು ಜಾಸ್ತಿ, ಎತ್ತರ ಬೆಂಚಿನ ಮೇಲ್ಮೈಯವರೆಗೆ. ಒಂದು ಮುಖಕ್ಕೆ ಚರ್ಮ ಅಂಟಿಸಿದರೆ ಹಿಡಿತವೇ ಬೇರೆ. ಚರ್ಮದ ಒರಟು ಬದಿ ಹೊರಗೆ ಬರುವಂತೆ ಫೆವಿಕಾಲ್ ಹಚ್ಚಿ, ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು, ವೈಸನ್ನೇ ಮುಚ್ಚಿ ಒಂದು ರಾತ್ರಿ ಬಿಡಿ. ಬಣ್ಣ ಬಿಡುವ ಚರ್ಮ ಬೇಡ, ತಿಳಿ ಬಣ್ಣದ ಮರಕ್ಕೆ ಹತ್ತಿಕೊಳ್ಳುತ್ತದೆ. ಚರ್ಮ ಇದ್ದರೆ ಅರ್ಧ ಬಲ ಹಾಕಿದರೂ ಹಲಗೆ ಜಾರುವುದಿಲ್ಲ. ವೈಸಿಗೂ ಒಳ್ಳೆಯದು, ಮಣಿಕಟ್ಟಿಗೂ ಒಳ್ಳೆಯದು.

ಈ ಬಗೆಯ ವೈಸಿನ ಹುಟ್ಟುಗುಣದ ದೋಷ ಒಂದಿದೆ, ಅದನ್ನು ಯಾವ ಕಂಪನಿಯೂ ಸರಿಪಡಿಸಲಾರದು. ನಡುವೆ ಸ್ಕ್ರೂ, ಅದರ ಎರಡು ಪಕ್ಕ ಗೈಡ್ ರಾಡು. ಹಲಗೆಯನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಬೇಕಾದರೆ ನಡುವೆ ನಾಲ್ಕು ಇಂಚು ಇಳಿಯುವಷ್ಟರಲ್ಲಿ ರಾಡು ಅಡ್ಡ ಬರುತ್ತದೆ. ಉದ್ದದ್ದಾದರೆ ದವಡೆಯ ಒಂದು ತುದಿಯಲ್ಲೇ ಹಿಡಿಯಬೇಕು. ಒಂದೇ ತುದಿಯಲ್ಲಿ ಹಿಡಿದಾಗ ಮುಂದವಡೆ ಓರೆಯಾಗುತ್ತದೆ, ಹಲಗೆ ಕೆಳಗೆ ಜಾರುತ್ತದೆ, ಗೈಡ್ ರಾಡಿನ ಮೇಲೆ ಬೀಳುವ ಹೊರೆಯಿಂದ ಕಾಲಕ್ರಮೇಣ ವೈಸೇ ಸಡಿಲವಾಗುತ್ತದೆ. ಮದ್ದು ಸುಲಭ: ಇನ್ನೊಂದು ತುದಿಯಲ್ಲಿ ಅಷ್ಟೇ ದಪ್ಪದ ಚೂರು ಇಡಿ. ಪ್ರತಿ ಸಲ ಚೂರು ಹುಡುಕುವ ಬದಲು 3, 6, 12, 18 ಮಿ.ಮೀ. ಪ್ಲೈವುಡ್ ತುಂಡುಗಳನ್ನು ಒಂದು ಬೋಲ್ಟಿಗೆ ಪೋಣಿಸಿ ಇಟ್ಟುಕೊಂಡಿದ್ದೇನೆ. ಬೇಕಾದ ದಪ್ಪಕ್ಕೆ ಬೇಕಾದವನ್ನು ತಿರುಗಿಸಿ ದವಡೆಯೊಳಕ್ಕೆ ಇಳಿಸಿದರೆ ಆಯಿತು. ಬೋಲ್ಟ್ ದವಡೆಯ ಮೇಲೆ ಕೂರುವುದರಿಂದ ತುಂಡು ಕೆಳಗೆ ಬೀಳುವುದಿಲ್ಲ.

ಅಗಲದ ಹಲಗೆಗೆ ಡವ್‌ಟೇಲ್ (ಪಾರಿವಾಳದ ಬಾಲದ ಆಕಾರದ ಜೋಡಣೆ) ಕತ್ತರಿಸುವವರಿಗೆ, ಡ್ರಾಯರ್, ಪೆಟ್ಟಿಗೆ ಜಾಸ್ತಿ ಮಾಡುವವರಿಗೆ, ಇದೂ ಸಾಲದು. ಅವರಿಗೆ ಮಾಕ್ಸನ್ ವೈಸ್ ಬೇಕು. 17ನೇ ಶತಮಾನದ ಲಂಡನ್ನಿನ ಮುದ್ರಕ ಜೋಸೆಫ್ ಮಾಕ್ಸನ್ ಕಸುಬುಗಳ ಬಗ್ಗೆ ಬರೆದವನು, ಅವನ ಹೆಸರೇ ಇದಕ್ಕೆ ಉಳಿದಿದೆ. ಎರಡು ದಪ್ಪ ಮರದ ಪಟ್ಟಿ, ಎರಡು ತುದಿಗೆ ಎರಡು ಸ್ಕ್ರೂ, ನಡುವೆ ಏನೂ ಅಡ್ಡ ಇಲ್ಲ. ಬೆಂಚಿನ ಮೇಲೆ ಕ್ಲ್ಯಾಂಪ್ ಹಾಕಿ ನಿಲ್ಲಿಸಿದರೆ ಕೆಲಸ ಒಂದು ಗೇಣು ಮೇಲೆ ಬರುತ್ತದೆ, ಗರಗಸ ಹಿಡಿದವರ ಬೆನ್ನಿಗೆ ಹಿತ. ಇದನ್ನು ಕೊಂಡು ತರುವುದು ಬೇಡವೇ ಬೇಡ. ಎರಡು 16 ಮಿ.ಮೀ. ಥ್ರೆಡ್ ರಾಡು, ನಾಲ್ಕು ನಟ್ಟು, ವಾಷರ್, ಮರದಲ್ಲಿ ಕಡೆದ ಎರಡು ಹಿಡಿ ಇದ್ದರೆ ಒಂದು ಭಾನುವಾರದಲ್ಲಿ ಆಗುವ ಕೆಲಸ.

ಹಾಗಾದರೆ ಕಬ್ಬಿಣದ ವೈಸಿಗಿಂತ ಮೇಲಾದದ್ದು ಇಲ್ಲವೇ? ಇದೆ. ಬೆಂಚಿನ ಕಾಲಿಗೇ ಸೇರಿಸುವ ಮರದ ಲೆಗ್ ವೈಸ್. 18ನೇ ಶತಮಾನದ ಫ್ರಾನ್ಸಿನ ಮರಗೆಲಸಗಾರ ಆಂದ್ರೆ ಜಾಕೋಬ್ ರೂಬೋ ತೋರಿಸಿದ ಬೆಂಚಿನಲ್ಲಿದ್ದದ್ದು ಇದೇ ಬಗೆ. ಬೆಂಚಿನ ಎತ್ತರದಷ್ಟೇ ಉದ್ದದ ದಪ್ಪ ಹಲಗೆಯೊಂದು ಮುಂದವಡೆ. ಬೆಂಚಿನ ಕಾಲೇ ಹಿಂದವಡೆ. ಮೇಲಿಂದ ಒಂದು ಗೇಣು ಕೆಳಗೆ ಸ್ಕ್ರೂ, ನೆಲದ ಹತ್ತಿರ ತೂತುಗಳಿರುವ ಒಂದು ಅಡ್ಡಪಟ್ಟಿ, ಅದಕ್ಕೊಂದು ಗೂಟ. ಇದರ ಬಲದ ಗುಟ್ಟು ಸನ್ನೆಯದು. ಸ್ಕ್ರೂ ಮೇಲಿಂದ 20 ಸೆಂ.ಮೀ. ಕೆಳಗೆ, ಗೂಟದ ಪಟ್ಟಿ ಸ್ಕ್ರೂಗಿಂತ 60 ಸೆಂ.ಮೀ. ಕೆಳಗೆ ಇದ್ದರೆ, ಸ್ಕ್ರೂ ಒತ್ತುವ ಬಲದ ಮುಕ್ಕಾಲು ಪಾಲು ಮೇಲಿನ ಬಾಯಿಗೆ ಸಿಗುತ್ತದೆ. ಬಾಯಿಯ ಅಗಲ ಕಮ್ಮಿಯಾದರೂ ಆಳ ಜಾಸ್ತಿ. ಗೈಡ್ ರಾಡಿನ ಅಡ್ಡಿ ಇಲ್ಲ, ಸ್ಕ್ರೂನ ಪಕ್ಕದಲ್ಲಿ ಹಲಗೆ ನೆಲದವರೆಗೆ ಇಳಿಯುತ್ತದೆ. ತೊಂದರೆ ಒಂದೇ, ಹಲಗೆಯ ದಪ್ಪ ಬದಲಾದಾಗಲೆಲ್ಲ ಬಗ್ಗಿ ಗೂಟ ಬದಲಿಸಬೇಕು. ಅಮೆರಿಕದ ಬೆಂಚ್‌ಕ್ರಾಫ್ಟೆಡ್ ಕಂಪನಿ ಇದಕ್ಕೆ ಕತ್ತರಿಯಂತೆ ಮಡಚುವ ಎರಡು ಕಬ್ಬಿಣದ ಪಟ್ಟಿಯ ಕ್ರಿಸ್‌ಕ್ರಾಸ್ ಮಾಡುತ್ತದೆ, ಅದಿದ್ದರೆ ಗೂಟವೇ ಬೇಡ. ವಿನ್ಯಾಸ ತುಂಬಾ ಚೆನ್ನಾಗಿದೆ. ಆದರೆ ಇಲ್ಲಿಗೆ ತರಿಸಲು ಕೊರಿಯರ್, ಕಸ್ಟಮ್ಸ್ ಎಲ್ಲ ಸೇರಿದಾಗ ಆ ದುಡ್ಡಿಗೆ ಬೆಂಚಿಗೆ ಬೇಕಾದ ಮರವೇ ಬರುತ್ತದೆ.

ಲೆಗ್ ವೈಸಿನ ಸಾಮಾನು ಇಲ್ಲೇ ಹೊಂದಿಸಬಹುದು ಅನ್ನುವುದು ನನಗೆ ತುಂಬಾ ಖುಷಿ ಕೊಡುವ ವಿಷಯ. ಮುಂದಿನ ಹಲಗೆಗೆ ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಲ್ಲಿ ಮತ್ತಿ ಅಥವಾ ಹೊನ್ನೆ ಕೇಳಿ, ಎಂಟು ಇಂಚು ಅಗಲ, ಎರಡೂವರೆ ಇಂಚು ದಪ್ಪ. ಊರ ಕಡೆ ಇದ್ದರೆ ಕರಿಜಾಲಿ ಸಿಗಬಹುದು. ಗಾಡಿ ಚಕ್ರಕ್ಕೂ ನೇಗಿಲಿಗೂ ಬಾಳಿದ ಮರ ಇದಕ್ಕೆ ಬಾಳದೇ ಇರುತ್ತದೆಯೇ? ಸ್ಕ್ರೂಗೆ ಎರಡು ದಾರಿ. ಪೀಣ್ಯದಂಥ ಕಡೆ ಲೇಥ್ ಇಟ್ಟುಕೊಂಡವರ ಹತ್ತಿರ 30 ಮಿ.ಮೀ. ದಪ್ಪ, 6 ಮಿ.ಮೀ. ಅಂತರದ ಟ್ರೆಪಿಜಾಯ್ಡಲ್ (ಇಳಿಜಾರು ಮಗ್ಗುಲಿನ, ಚಪ್ಪಟೆ ತಲೆಯ) ಥ್ರೆಡ್ ಹಾಕಿಸಿ, ಗನ್‌ಮೆಟಲ್ ನಟ್ ಮಾಡಿಸಬಹುದು. ಡಬಲ್ ಸ್ಟಾರ್ಟ್ ಥ್ರೆಡ್ (ಎರಡು ಎಳೆ ಜೊತೆಯಾಗಿ ಸುತ್ತುವುದು) ಮಾಡಿಕೊಡುವವರು ಸಿಕ್ಕರೆ ಒಂದು ಸುತ್ತಿಗೆ 12 ಮಿ.ಮೀ. ಓಡುತ್ತದೆ, ಕೇಳಿ ನೋಡಿ. ಅದು ದುಬಾರಿ ಅನಿಸಿದರೆ ಸೆಂಟ್ರಿಂಗ್ ಸಾಮಾನು ಮಾರುವ ಅಂಗಡಿಗೆ ಹೋಗಿ. ಕಟ್ಟಡದ ಸ್ಕ್ಯಾಫೋಲ್ಡಿಂಗ್ ಕೆಳಗೆ ಎತ್ತರ ಹೊಂದಿಸಲು ಹಾಕುವ ಜಾಕ್ ಇದೆಯಲ್ಲ, ಅದರ ದಪ್ಪ ಸ್ಕ್ರೂ ಮತ್ತು ನಟ್ ಎರಡೂ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಥ್ರೆಡ್ ಒರಟು, ನಾಜೂಕು ಏನಿಲ್ಲ. ವೈರ್ ಬ್ರಶ್ಶಿನಲ್ಲಿ ಉಜ್ಜಿ ಮೇಣ ಹಚ್ಚಿದರೆ ಸಲೀಸಾಗಿ ತಿರುಗುತ್ತದೆ. ಬರೀ ಕೈ ಉಪಕರಣದ ಕೆಲಸ, ಜಾಗವೂ ಇದೆ, ಬೆಂಚನ್ನು ಹೊಸದಾಗಿ ಮಾಡುತ್ತಿದ್ದೀರಿ ಅಂದರೆ ಕಬ್ಬಿಣದ ವೈಸಿನ ಬದಲು ಇದನ್ನೇ ಮಾಡಿಕೊಳ್ಳಿ ಅಂತಲೂ ಹೇಳುತ್ತೇನೆ. ಇರುವ ಬೆಂಚಿಗೆ, ತೆಳ್ಳನೆಯ ಕಾಲಿನ ಮೇಜಿಗೆ ಇದು ಆಗುವುದಿಲ್ಲ.

ಬೆಂಚಿನ ಕೊನೆಯಲ್ಲಿ ಹಾಕುವ ಟೇಲ್ ವೈಸ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಕೆನಡಾದ ವೆರಿಟಾಸ್‌ನ ಎರಡು ಸ್ಕ್ರೂಗಳನ್ನು ಚೈನಿನಿಂದ ಜೋಡಿಸಿದ ವೈಸ್ ನೋಡಿದಾಗ ಆಸೆಯಾಗುವುದು ನಿಜ. ಆದರೆ ಹಲಗೆ ಮಲಗಿಸಿ ಹಿಡಿಯಲು ಅಷ್ಟೆಲ್ಲ ಬೇಡ. ಮುಂದವಡೆಯಲ್ಲಿ ಡಾಗ್ ಇದೆ ಅಂದೆನಲ್ಲ, ಅದರ ನೇರಕ್ಕೆ ಬೆಂಚಿನಲ್ಲಿ 20 ಮಿ.ಮೀ. ತೂತುಗಳ ಸಾಲು ಕೊರೆದು ಮರದ ಡಾಗ್ ಹಾಕಿದರೆ ಚಿಕ್ಕ ಹಲಗೆಗಳು ಅಲ್ಲೇ ನಿಲ್ಲುತ್ತವೆ. ದೊಡ್ಡದಕ್ಕೆ ಮುಂದೊಂದು ತಡೆಪಟ್ಟಿ, ಹಿಂದೊಂದು ಹೋಲ್ಡ್‌ಫಾಸ್ಟ್ ಸಾಕು. ಹೋಲ್ಡ್‌ಫಾಸ್ಟ್ ಅಂದರೆ ಬಾಗಿದ ಕಬ್ಬಿಣದ ಸಲಾಕೆ. ತೂತಿಗೆ ಇಳಿಸಿ ತಲೆಗೆ ಕೊಡತಿಯಲ್ಲಿ ಒಂದು ಪೆಟ್ಟು ಕೊಟ್ಟರೆ ಓರೆಯಾಗಿ ಸಿಕ್ಕಿಕೊಂಡು ಹಲಗೆಯನ್ನು ಒತ್ತುತ್ತದೆ, ಹಿಂದಿನಿಂದ ಒಂದು ಪೆಟ್ಟು ಕೊಟ್ಟರೆ ಬಿಡುತ್ತದೆ. ಕುಲುಮೆ ಇರುವ ಊರಾದರೆ ಕಮ್ಮಾರರ ಹತ್ತಿರ 18 ಮಿ.ಮೀ. ಎಂ.ಎಸ್. (ಮೈಲ್ಡ್ ಸ್ಟೀಲ್) ರಾಡಿನಲ್ಲಿ ಮಾಡಿಸಿ. ಬಾಗಿದ ತಲೆಯ ತುದಿಯನ್ನು ಚಪ್ಪಟೆ ಬಡಿದು ತೆಳ್ಳಗೆ ಮಾಡಬೇಕು, ಅಲ್ಲೇ ಅದರ ಸ್ಪ್ರಿಂಗ್ ಗುಣ ಇರುವುದು. ಬೀಡು ಕಬ್ಬಿಣದ್ದು ಬೇಡ, ಅದು ಬಳುಕುವುದಿಲ್ಲ, ಪೆಟ್ಟಿಗೆ ಮುರಿಯುತ್ತದೆ. ತೂತು ಸಲಾಕೆಗಿಂತ ಒಂದೆರಡು ಮಿ.ಮೀ. ದೊಡ್ಡದಿರಬೇಕು, ನೆಟ್ಟಗಿರಬೇಕು. ಬೆಂಚು ಎರಡೂವರೆ ಇಂಚಾದರೂ ದಪ್ಪ ಇದ್ದರೆ ಹಿಡಿತ ಚೆನ್ನ, 54 ಮಿ.ಮೀ. ಪ್ಲೈವುಡ್ ಬೆಂಚಾದರೆ ತೂತು ಬರುವ ಕಡೆ ಕೆಳಗಿನಿಂದ ಒಂದು ಮರದ ತುಂಡು ಸೇರಿಸಿ. ಅಪಾರ್ಟ್‌ಮೆಂಟಿನಲ್ಲಿರುವವರು ಮಾತ್ರ ಯೋಚಿಸಬೇಕು. ಆ ಪೆಟ್ಟಿನ ಸದ್ದು ನೆಲದ ಮೂಲಕ ಕೆಳಗಿನ ಮನೆಗೆ ಇಳಿಯುತ್ತದೆ. ಅಂಥ ಕಡೆ ಸ್ಕ್ರೂ ತಿರುಗಿಸುವ ಕ್ಲ್ಯಾಂಪನ್ನೇ ತೂತಿಗೆ ಹಾಕುವುದು ವಾಸಿ.

ಕಬ್ಬಿಣದ ವೈಸಿನ ಹಿಡಿಯೂ ಸದ್ದಿನದೇ. ಬಿಟ್ಟ ಕೂಡಲೇ ಜಾರಿ ಠಣ್ ಅನ್ನುತ್ತದೆ, ಬೆರಳಿನ ಚರ್ಮ ಸಿಕ್ಕಿಕೊಂಡರೆ ಕಣ್ಣಲ್ಲಿ ನೀರು ಬರುತ್ತದೆ. ಹಿಡಿಯ ಎರಡೂ ತುದಿಗೆ ರಾಡಿನ ಅಳತೆಯ ರಬ್ಬರ್ ಓ-ರಿಂಗ್ ತೂರಿಸಿ, ಎರಡೂ ತೊಂದರೆ ಹೋಗುತ್ತದೆ. ಗ್ರೀಸ್ ಹಚ್ಚಬೇಡಿ. ಮರದ ಹೊಟ್ಟು ಅದಕ್ಕೆ ಅಂಟಿ, ಅರ್ಧ ನಟ್ಟಿನ ಸಂದಿಯಲ್ಲಿ ಗಟ್ಟಿಯಾಗಿ, ಲಿವರ್ ಎಳೆದರೂ ಬಿಡುವುದಿಲ್ಲ. ಗೈಡ್ ರಾಡಿಗೆ ಮೇಣದಬತ್ತಿ ಉಜ್ಜಿ, ಸ್ಕ್ರೂನ ಹೊಟ್ಟನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ತೆಗೆಯಿರಿ, ಅಷ್ಟೇ ಸಾಕು. ಕರಾವಳಿಯವರು, ಮಲೆನಾಡಿನವರು ಮಳೆಗಾಲ ಶುರುವಾಗುವ ಮೊದಲು ಬಣ್ಣ ಇಲ್ಲದ ಕಡೆಗೆಲ್ಲ ಮೇಣ ಸವರಿ ಒರೆಸಿಡಿ. ಚರ್ಮ ಹಾಕಿದ್ದರೆ ದವಡೆಯನ್ನು ಮುಚ್ಚಿಡಬೇಡಿ. ಬೂಷ್ಟು ಹಿಡಿಯುತ್ತದೆ, ಎರಡು ಬೆರಳು ತೆರೆದೇ ಇರಲಿ.

ಪ್ಲೈವುಡ್ ತಂದು ಮೆಷಿನ್ನಿನಲ್ಲಿ ಕೊಯ್ದು ಸ್ಕ್ರೂ ಹೊಡೆದು ಕಪಾಟು ಮಾಡುವವರಿಗೆ ಇದರಲ್ಲಿ ಯಾವುದೂ ಅಷ್ಟು ಬೇಕಾಗುವುದಿಲ್ಲ. ಅವರು ಈ ದುಡ್ಡಿಗೆ ನಾಲ್ಕು ಒಳ್ಳೆಯ ಎಫ್ ಕ್ಲ್ಯಾಂಪ್ ಕೊಂಡರೆ ದಿನಾ ಕೆಲಸಕ್ಕೆ ಬರುತ್ತವೆ.